ಕೊಳೆಮನೆಯ ಹಾಲು

ತಿನ್ನುವ ಪದಾರ್ಥವನ್ನು ಯಾರೂ ಬಾಯಿಗೆ ಇಡಲಾಗದಂತೆ ಕೆಡಿಸುವುದು ನೀಲಿಯ ಕೆಲಸ. ಅದಕ್ಕೆಂದೇ ನಗರಸಭೆ ಅವಳನ್ನು ಇಟ್ಟುಕೊಂಡಿತ್ತು.

ಆಹಾರ ಇನ್ಸ್‌ಪೆಕ್ಟರುಗಳು ಅಂಗಡಿ, ಹೋಟೆಲು, ಗೋದಾಮುಗಳ ಮೇಲೆ ಬಿದ್ದು ಹಿಡಿದು ತಂದ ಮಾಲೆಲ್ಲ ಬಂದು ಸೇರುವುದು ಮಾರ್ಕೆಟ್ಟಿನ ಬೆನ್ನಿಗಿರುವ ತಗಡಿನ ಶೆಡ್ಡಿಗೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ಅದಕ್ಕೊಂದು ಉಸಿರು ಕಟ್ಟುವಷ್ಟು ಉದ್ದದ ಹೆಸರಿದೆ. ಕೆಲಸದವರ ಬಾಯಲ್ಲಿ ಅದು ಕೊಳೆಮನೆ. ಒಳಗೆ ಕಾಲಿಟ್ಟರೆ ಮೊದಲು ಕಣ್ಣು ಉರಿಯುತ್ತದೆ, ಆಮೇಲೆ ಗಂಟಲು. ನಾತ ಮೂಗಿಗೆ ತಿಳಿಯುವುದು ಅದಾದ ಮೇಲೆ. ಹಸಿರಿಗೆ ತಿರುಗಿದ ಮಾಂಸ, ಹೊಟ್ಟೆ ಒಡೆದ ಮೀನು, ಉಬ್ಬಿ ಉಬ್ಬಿ ಬಿರಿಯಲು ಕಾದಿರುವ ಡಬ್ಬಿಗಳು, ಹತ್ತಾರು ಸಲ ಕಾಯಿಸಿ ಟಾರಿನಂತಾದ ಎಣ್ಣೆ. ನೆಲ ಯಾವಾಗಲೂ ಲೋಳೆಯಿಂದ ಜಾರುತ್ತದೆ. ಬೆಳ್ಳಗಿನ ಹುಳುಗಳು ಗೋಡೆ ಹತ್ತಿ ಕಿಟಕಿಯ ಬೆಳಕಿನ ಕಡೆಗೆ ಹೊರಟಿರುತ್ತವೆ.

ಅವಳು ಮಾಡಬೇಕಾದದ್ದು ಇಷ್ಟು. ಮೂಟೆಯ ಹೊಟ್ಟೆ ಸೀಳುವುದು. ಒಳಗೆ ನೀಲಿ ಪುಡಿ ಸುರಿಯುವುದು. ಮೇಲೆ ನೀರು ಹೊಯ್ಯುವುದು. ನೀರು ಬಿದ್ದ ಕೂಡಲೇ ಚಿಟಿಕೆ ಪುಡಿ ಬಕೆಟ್ಟುಗಟ್ಟಲೆ ನೀಲಿಯಾಗುತ್ತದೆ. ನೀಲಿಯಾದದ್ದನ್ನು ಗುಂಡಿಗೆ ತಳ್ಳಿ ಸುಣ್ಣ ಎರಚಿದರೆ ಮುಗಿಯಿತು. ಬಣ್ಣ ಬಿದ್ದ ಮಾಲನ್ನು ಯಾವ ಕಳ್ಳನೂ ತಿರುಗಿ ಮಾರಲಾರ ಎಂದು ಕಾನೂನು ನಂಬಿತ್ತು.

ಕೈಗೆ ಹಾಕಿಕೊಳ್ಳಲು ಗ್ಲೌಸುಗಳಿದ್ದವು, ಇನ್ಸ್‌ಪೆಕ್ಟರರ ಬೀರುವಿನಲ್ಲಿ. ಫೋಟೋ ತೆಗೆಯುವಾಗ ಹೊರಗೆ ಬರುತ್ತಿದ್ದವು, ಫೋಟೋ ಆದ ಕೂಡಲೇ ಒಳಗೆ ಹೋಗುತ್ತಿದ್ದವು. ಹಾಗಾಗಿ ಅವಳ ಕೈಗಳು ಮೊಣಕೈವರೆಗೆ ನೀಲಿ. ಉಗುರಿನ ಸಂದಿಯಲ್ಲಂತೂ ಕಡು ನೀಲಿ. ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಮಾರ್ಕೆಟ್ಟಿಗೂ, ಓಣಿಗೂ ಅವಳು ನೀಲಿಯೇ.

ಮನೆಯೆಂದರೆ ಒಂದೇ ಕೋಣೆ. ಗಂಡ ಲಾರಿ ಕ್ಲೀನರ್, ಹದಿನೈದು ದಿನಕ್ಕೊಮ್ಮೆ ಬಂದು ಎರಡು ದಿನ ಮಲಗಿ ಎದ್ದು ಹೋಗುವ ನೆಂಟ. ಆರು ವರ್ಷದ ಮಗಳು. ಜೊತೆಗೆ ತನ್ನ ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದ ನಾದಿನಿ. ನಾದಿನಿ ನಗರಸಭೆಯಲ್ಲೇ ಬೀದಿ ಗುಡಿಸುತ್ತಿದ್ದಳು. ಬಾಯಿ ಜೋರು, ಕೈ ಅದಕ್ಕಿಂತ ಚುರುಕು.

"ನೆರಳಲ್ಲಿ ಕೆಲಸ ಮಾಡೋ ಮಹಾರಾಣಿ ಬಂದ್ಲು, ದಾರಿ ಬಿಡಿ," ಎಂದು ನಾದಿನಿ ಸಂಜೆ ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದಳು. "ಮೊದಲು ನಲ್ಲಿ ಹತ್ರ ಹೋಗಿ ಮೈ ತೊಳ್ಕೋ. ನಿನ್ನ ಪಕ್ಕ ಮಲಗಿದ್ರೆ ನನ್ನ ಕನಸಲ್ಲೂ ಮೀನು ಕೊಳೀತದೆ."

"ನೀನೇನು ಮಲ್ಲಿಗೆ ಹೂವಾ ಅಕ್ಕ? ಬೆಳಿಗ್ಗೆ ಬೆಳಿಗ್ಗೆ ಚರಂಡಿಗೆ ಮುತ್ತು ಕೊಟ್ಟು ಬರ್ತೀಯ."

"ಚರಂಡಿನಾದ್ರೂ ಮೇಲು ಕಣೇ. ಅದು ಹರಿದು ಹೋಗ್ತದೆ. ನಿನ್ನ ನಾತ ಮನೇಲೇ ಬೇರು ಬಿಟ್ಟಿದೆ."

ಬೈದುಕೊಂಡೇ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು.

ಕೊಳೆಮನೆಯ ಇನ್ಸ್‌ಪೆಕ್ಟರನಿಗೆ ಕೆಲಸದವರು ಇಟ್ಟ ಹೆಸರು ಕರ್ಚೀಫು. ಸೆಂಟು ಹಾಕಿದ ಬಿಳಿ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡೇ ಒಳಗೆ ಬರುತ್ತಿದ್ದ. ನಾಶವಾದ ಮಾಲನ್ನೆಲ್ಲ ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ. ಕೆಳಗೆ ನೀಲಿ ಸಾಕ್ಷಿಯಾಗಿ ಸಹಿ ಹಾಕಬೇಕು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದವಳು, ಹೆಬ್ಬೆಟ್ಟು ಒತ್ತುವ ಪೈಕಿಯಲ್ಲ. ಒಂದೊಂದೇ ಅಕ್ಷರವನ್ನು ಜೋಪಾನವಾಗಿ ಕೂರಿಸಿ ಸಹಿ ಮಾಡುವಾಗ ಅವಳ ನಾಲಿಗೆ ತುದಿ ಹೊರಗೆ ಬಂದಿರುತ್ತಿತ್ತು.

ಒಂದು ದಿನ ಮೂರು ಲಾರಿ ಹಾಲುಪುಡಿ ಬಂತು. ನೂರ ಇಪ್ಪತ್ತು ಮೂಟೆ. ಯಾವುದೋ ಗೋದಾಮಿನಲ್ಲಿ ವರ್ಷಗಟ್ಟಲೆ ನೆನೆದು, ಗಟ್ಟಿಯಾಗಿ, ಮತ್ತೆ ನೆನೆದ ಮಾಲು. ನೀಲಿ ಒಂದು ಮೂಟೆ ಬಿಚ್ಚಿ ನೋಡಿದಳು. ಹಳದಿ ಹೆಂಟೆಗಳು, ಮೇಲೆ ಬೂದು ಬಣ್ಣದ ಬೂಷ್ಟು. ನಡುವೆ ಇಲಿ ಪಿಕ್ಕೆ ಎಳ್ಳು ಎರಚಿದಂತೆ ಬಿದ್ದಿತ್ತು. ಇನ್ನೊಂದರಲ್ಲಿ ಇಲಿಯೇ ಇತ್ತು, ಒಣಗಿ ಚಪ್ಪಟೆಯಾಗಿ. ಕೊಳೆಮನೆಯಲ್ಲಿ ನಾಲ್ಕು ವರ್ಷ ಕಳೆದವಳೂ ಮೂಟೆಯ ಬಾಯನ್ನು ತಿರುಗಿ ಮುಚ್ಚಿದಳು.

"ಎಲ್ಲಾನೂ ಸೀಳ್ಬೇಡ," ಎಂದ ಕರ್ಚೀಫು. "ಮೇಲಿನ ಸಾಲು ಸಾಕು. ಹತ್ತು ಮೂಟೆ."

"ಉಳಿದದ್ದು ಸಾರ್?"

"ನಾಳೆ ನೋಡೋಣ. ಈಗ ಬಣ್ಣ ಹಾಕು, ಫೋಟೋಗೆ ಹೊತ್ತಾಯ್ತು."

ಹತ್ತು ಮೂಟೆಯ ಹೊಟ್ಟೆ ಸೀಳಿದಳು. ಡಬ್ಬಿ ತುಂಬ ನೀಲಿ ಪುಡಿಯನ್ನು ಸುರಿದಳು. ನಲ್ಲಿ ತಿರುಗಿಸಿದರೆ ನೀರಿಲ್ಲ. ಊರಿಗೆಲ್ಲ ನೀರು ಹಂಚುವ ನಗರಸಭೆಯ ಸ್ವಂತ ನಲ್ಲಿ ಹಾವಿನಂತೆ ಬುಸ್ಸೆಂದು ಸುಮ್ಮನಾಯಿತು.

"ನೀರು ಬೇಡ ಬಿಡು. ಫೋಟೋದಲ್ಲಿ ನೀಲಿ ಕಂಡ್ರೆ ಆಯ್ತು," ಎಂದು ಅವನು ಗ್ಲೌಸು ಕೊಟ್ಟ, ಫೋಟೋ ತೆಗೆದ, ಗ್ಲೌಸು ವಾಪಸು ತೆಗೆದುಕೊಂಡ. ರಿಜಿಸ್ಟರು ತೆರೆದ. ನಾಶಪಡಿಸಿದ್ದು, ಹಾಲುಪುಡಿ, ನೂರ ಇಪ್ಪತ್ತು ಮೂಟೆ.

ನೀಲಿ ಓದಿದಳು. ಓದಲು ಬರುತ್ತಿತ್ತಲ್ಲ. ಪೆನ್ನು ಹಿಡಿದು ನಿಂತಳು.

"ಏನು ನೋಡ್ತೀಯ? ಖಾಯಂ ಮಾಡೋರ ಪಟ್ಟಿ ಈ ತಿಂಗಳು ಮೇಲಕ್ಕೆ ಹೋಗ್ತಿದೆ. ನಿನ್ನ ಹೆಸರು ಬರೆದವನು ನಾನು. ಅಳಿಸೋಕೂ ನನಗೆ ಬರ್ತದೆ."

ಅವಳು ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ಬಂದಾಗ ಕೆಳಗಿನ ಸಾಲುಗಳು ಖಾಲಿಯಾಗಿದ್ದವು. ಅವಳು ಸೀಳಿದ ಹತ್ತು ಮೂಟೆ ಮಾತ್ರ ಒಂದು ಮೂಲೆಯಲ್ಲಿ ಬಿದ್ದಿದ್ದವು. ಅವುಗಳಿಂದ ಸೋರಿದ ನೀಲಿ ಪುಡಿ ಕೆಳಗಿನ ಮೂಟೆಗಳ ಹರಕಿನೊಳಗೆಲ್ಲ ಇಳಿದಿದ್ದರಿಂದ, ಆ ಮೂಟೆಗಳನ್ನು ಎಳೆದ ದಾರಿಯುದ್ದಕ್ಕೂ ಬಾಗಿಲವರೆಗೆ ನೀಲಿ ಗೆರೆ ಬಿದ್ದಿತ್ತು.

"ಎಲ್ಲಿಗೆ ಹೋಯ್ತು ಸಾರ್?"

"ಸುಡೋ ಯಂತ್ರ ಇರೋ ಕಡೆ ಕಳಿಸಿದ್ದೀವಿ. ನಿನಗ್ಯಾಕೆ ಉಸಾಬರಿ? ನೆಲ ತೊಳಿ."

ಊರಲ್ಲಿ ಅಂಥ ಯಂತ್ರ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅವತ್ತು ನಲ್ಲಿಯಲ್ಲಿ ನೀರು ಬಂದಿತ್ತು. ನೀಲಿ ಗೆರೆಯನ್ನು ತಿಕ್ಕಿ ತಿಕ್ಕಿ ತೊಳೆದಳು.

ಒಂದು ವಾರ ಕಳೆದಿರಬೇಕು. ನಾದಿನಿ ಒಂದು ಬೆಳಿಗ್ಗೆ ಕೆಲಸದಿಂದ ಬರುವಾಗ ಸಣ್ಣ ಮುಚ್ಚಳದ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಮುಖದಲ್ಲಿ ನಗು ತಡೆಯುತ್ತಿರಲಿಲ್ಲ.

"ನಮಗೂ ಒಂದು ಕಾಲ ಬಂತು ಕಣೇ! ಗುಡಿಸೋರಿಗೆಲ್ಲ ಬಿಟ್ಟಿ ತಿಂಡಿ. ಬಿಸಿ ಹಾಲು, ಎರಡು ತುಂಡು ಬ್ರೆಡ್ಡು. ನಗರಸಭೆ ಅಧ್ಯಕ್ಷರು ಬಂದಿದ್ರು, ಆರೋಗ್ಯಾಧಿಕಾರಿ ಬಂದಿದ್ರು. ಅಷ್ಟುದ್ದ ಬ್ಯಾನರು. ಅಧ್ಯಕ್ಷರು ತಾವೇ ಒಂದು ಲೋಟ ಕುಡಿದು ತೋರಿಸಿದ್ರು."

"ನಿಮಗೆ ಹಂಚಿದ ಕ್ಯಾನಿಂದಾನಾ?"

"ಅವರದ್ದು ಫ್ಲಾಸ್ಕಲ್ಲಿ ಬಂತು. ದೊಡ್ಡವರು ತಣ್ಣಗಾದದ್ದು ಕುಡೀತಾರಾ?"

ತನ್ನ ಪಾಲಿನಲ್ಲಿ ಅರ್ಧ ಕುಡಿದು ಅರ್ಧವನ್ನು ಸೋದರ ಸೊಸೆಗೆಂದು ತಂದಿದ್ದಳು. ಮಗು ಕುಣಿದಾಡಿತು. ಮನೆಯಲ್ಲಿ ಹಾಲೆಂದರೆ ಟೀಗೆ ಬಿಡುವ ನಾಲ್ಕು ಹನಿ. ಅಂದಿನಿಂದ ದಿನವೂ ಬೆಳಿಗ್ಗೆ ಮಗು ಬಾಗಿಲಲ್ಲಿ ಕಾದು ಕೂರುತ್ತಿತ್ತು.

"ಸ್ವಲ್ಪ ನೀರು ಜಾಸ್ತಿ," ಎಂದಳು ನಾದಿನಿ. "ನೋಡು, ನೀಲಿ ನೀಲಿ ಹೊಡೀತದೆ. ಇರ್ಲಿ ಬಿಡು, ಕಂಟ್ರಾಕ್ಟರು ಹಾಲಿಗೆ ನೀರು ಹಾಕದೆ ಇರ್ತಾನಾ? ಸಕ್ಕರೆ ಅಂತೂ ಕೈ ಬಿಟ್ಟು ಹಾಕಿದ್ದಾನೆ."

ನೀರು ಬೆರೆತ ಹಾಲು ತೆಳುನೀಲಿಯಾಗಿ ಕಾಣುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನೀಲಿ ಕೂಡ ಡಬ್ಬಿಯೊಳಗೆ ನೋಡಿದಳು, ತಲೆಯಾಡಿಸಿ ಕೆಲಸಕ್ಕೆ ಹೋದಳು.

ಆರನೆಯ ದಿನ ಭಾನುವಾರ. ನೀಲಿ ಮನೆಯಲ್ಲಿದ್ದಳು. ಮೂಲೆಯಲ್ಲಿ ಉಚ್ಚೆಯ ಪಾಟಿನ ಮೇಲೆ ಕೂತಿದ್ದ ಮಗಳು ಕೂಗಿದಳು.

"ಅಮ್ಮಾ, ಬಾ ಇಲ್ಲಿ! ನನ್ನ ಉಚ್ಚೆ ನೀಲಿ ಬಂದಿದೆ! ನಾನೂ ನಿನ್ನ ಥರ ನೀಲಿ ಆಗ್ತಿದ್ದೀನಿ!"

ಮಗು ಚಪ್ಪಾಳೆ ತಟ್ಟುತ್ತಿತ್ತು. ನೀಲಿ ಬಗ್ಗಿ ನೋಡಿದಳು. ಹಸಿರಿಗೆ ಹತ್ತಿರವಾದ ನೀಲಿ.

ಹಾಲಿನ ಡಬ್ಬಿ ಇನ್ನೂ ತೊಳೆದಿರಲಿಲ್ಲ. ಬೆಳಕಿಗೆ ಹಿಡಿದಳು. ತಳದಲ್ಲಿ ಉಳಿದ ಹನಿಯಲ್ಲಿ ಕೂದಲೆಳೆಯಂಥ ನೀಲಿ ಗೆರೆಗಳು ಸುತ್ತಿಕೊಂಡಿದ್ದವು. ಬೆರಳು ಅದ್ದಿ ತೆಗೆದಳು. ಬೆರಳಿನ ಬಣ್ಣಕ್ಕೂ ಹನಿಯ ಬಣ್ಣಕ್ಕೂ ವ್ಯತ್ಯಾಸವಿರಲಿಲ್ಲ. ಬೂದು ಬೂಷ್ಟು, ಇಲಿ ಪಿಕ್ಕೆ, ಚಪ್ಪಟೆಯಾದ ಇಲಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಬಚ್ಚಲಿಗೆ ಓಡಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿದಳು. ಆ ಹಾಲನ್ನು ಅವಳು ಒಂದು ಹನಿಯೂ ಕುಡಿದಿರಲಿಲ್ಲ.

"ಅಕ್ಕ, ನಿಂಗೂ ಹೀಗೆ ಬರ್ತಿದೆಯಾ?"

ನಾದಿನಿ ನಕ್ಕಳು. "ನಾನೆಲ್ಲಿ ನೋಡಲಿ? ಬೆಳಕಾಗೋ ಮುಂಚೆ ಯಾವುದೋ ಗೋಡೆ ಹಿಂದೆ ಕೂತು ಎದ್ರೆ ಮತ್ತೆ ಮನೆಗೆ ಬಂದು ಆ ಕತ್ತಲೆ ಬಚ್ಚಲಲ್ಲೇ ಹೋಗೋದು. ಗಂಡಸರು ಮಾತ್ರ ಅದೇನೋ ಆಡ್ಕೊಂಡು ನಗ್ತಿದ್ರು. 'ನಂದು ನೀಲಿ, ನಿಂದು ಹಸಿರು' ಅಂತ. ಗಂಡಸರ ಪೋಲಿ ಮಾತಿಗೆ ಯಾರು ಕಿವಿ ಕೊಡ್ತಾರೆ?"

ನಗು ಮುಗಿಯುವ ಮೊದಲೇ ಅವಳು ಹೊಟ್ಟೆ ಹಿಡಿದುಕೊಂಡಳು.

ಮಧ್ಯಾಹ್ನದೊಳಗೆ ನಾದಿನಿಗೂ ಮಗುವಿಗೂ ವಾಂತಿ ಭೇದಿ ಹತ್ತಿಕೊಂಡಿತು. ಸರ್ಕಾರಿ ಆಸ್ಪತ್ರೆಗೆ ಹೊತ್ತು ಹೋದರೆ ಅಲ್ಲಿ ಗುಡಿಸುವವರೇ ತುಂಬಿದ್ದರು. ಮಂಚ ಸಾಲದೆ ನೆಲದ ಮೇಲೆ, ಮೆಟ್ಟಿಲ ಕೆಳಗೆ, ಔಷಧಿ ಕೊಡುವ ಕಿಟಕಿಯ ಮುಂದೆ. ಊರಿನ ಅರವತ್ತನಾಲ್ಕು ಗುಡಿಸುವವರಲ್ಲಿ ಮೂವತ್ತೊಂದು ಜನ. ದಿನವೂ ಊರಿನ ಹೊಲಸು ಬಳಿಯುವವರು ತಮ್ಮ ಹೊಲಸಿನಲ್ಲೇ ಮಲಗಿದ್ದರು. ಬಳಿಯಲು ಆಳಿಲ್ಲವೆಂದು ನರ್ಸು ಗೊಣಗುತ್ತಿದ್ದಳು. ನೀಲಿ ಒಂದು ಬಕೆಟ್ಟು ಹುಡುಕಿ ತಂದು ತಾನೇ ಬಳಿದಳು.

ಮಗು ಎರಡು ದಿನ ಕಣ್ಣು ಬಿಡಲಿಲ್ಲ. ಮೂರನೆಯ ದಿನ ನೀರು ಕೇಳಿತು. ಅದೇ ದಿನ ಮೆಟ್ಟಿಲ ಕೆಳಗೆ ಮಲಗಿದ್ದ ಗಾಡಿ ತಾತ ತೀರಿಹೋದ. ಕಸದ ಗಾಡಿ ನೂಕುತ್ತ ಮೂವತ್ತು ವರ್ಷ ಕಳೆದವನು. ಒಂದು ಲೋಟ ಸಾಲದೆಂದು ಹಾಲು ಒಗ್ಗದವರ ಪಾಲನ್ನೂ ಕೇಳಿ ಕುಡಿಯುತ್ತಿದ್ದನಂತೆ. ಸಾವಿನ ಕಾಗದದಲ್ಲಿ ವಯಸ್ಸಾಗಿತ್ತು ಎಂದು ಬರೆದರು.

ನೀಲಿ ನೇರ ಕೊಳೆಮನೆಗೆ ಹೋದಳು. ಕರ್ಚೀಫು ಟೀ ಕುಡಿಯುತ್ತಿದ್ದ.

"ಸಾರ್, ಆ ಹಾಲುಪುಡಿ ಗುಡಿಸೋರ ತಿಂಡಿಗೆ ಹೋಗಿದೆ."

"ಯಾವ ಹಾಲುಪುಡಿ?"

"ನೂರ ಹತ್ತು ಮೂಟೆ ಸಾರ್. ನೀವು ಸುಡೋಕೆ ಕಳಿಸಿದ್ದು. ನನ್ನ ಮಗು ಕುಡಿದಿದೆ. ಗಾಡಿ ತಾತ ಸತ್ತ."

ಅವನು ಟೀ ಲೋಟ ಕೆಳಗಿಟ್ಟ. ರಿಜಿಸ್ಟರು ತೆಗೆದ. ಹಾಳೆ ತಿರುಗಿಸಿ ಅವಳ ಮೂಗಿನ ಕೆಳಗೆ ಹಿಡಿದ.

"ಓದು. ಓದೋಕೆ ಬರುತ್ತಲ್ಲ. ನೂರ ಇಪ್ಪತ್ತೂ ನಾಶ ಆಗಿದೆ. ಫೋಟೋದಲ್ಲಿರೋದು ಯಾರು? ಕೆಳಗೆ ಸಹಿ ಯಾರದ್ದು? ಹೋಗಿ ಊರೆಲ್ಲ ಹೇಳು. ಮೊದಲು ಬೇಡಿ ಬೀಳೋದು ಈ ನೀಲಿ ಕೈಗೆ."

ಅವನು ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು, "ಹೋಗು, ಮೀನು ಬಂದಿದೆ," ಎಂದ. ನಾಲ್ಕು ಬುಟ್ಟಿ ಕೊಳೆತ ಮೀನಿಗೆ ಬಣ್ಣ ಹಾಕುವಾಗ ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಂಡಲ್ಲೆಲ್ಲ ಮುಖಕ್ಕೆ ನೀಲಿ ಬಳಿಯಿತು.

ಇತ್ತ ತನಿಖೆಯೂ ನಡೆಯಿತು. ಆರೋಗ್ಯಾಧಿಕಾರಿಗಳು ಖುದ್ದಾಗಿ ಬಂದು ಹಾಲಿನ ಮಾದರಿ ತೆಗೆದರು. ಅವತ್ತು ತಿಂಡಿಯ ಕಂಟ್ರಾಕ್ಟರು ಡೈರಿಯ ಹಾಲು ತರಿಸಿದ್ದ. ಹಾಲು ಉತ್ತಮವಾಗಿದೆ ಎಂದು ವರದಿ ಬಂತು. ಹಾಗಾದರೆ ರೋಗ ಎಲ್ಲಿಂದ ಬಂತು? ಅದಕ್ಕೂ ವರದಿಯಲ್ಲಿ ಉತ್ತರವಿತ್ತು. ಕಸ ಮುಟ್ಟಿದ ಕೈಯನ್ನು ತೊಳೆಯದೆ ತಿನ್ನುವ ಕೆಟ್ಟ ಅಭ್ಯಾಸದಿಂದ ಬಂತು. ಕಾಯಿಲೆ ಬಿದ್ದು ಬದುಕಿದ ಮೂವತ್ತು ಜನ ಇಪ್ಪತ್ತೊಂದು ದಿನ ಕೆಲಸಕ್ಕೆ ಬರುವಂತಿಲ್ಲ, ಊರಿಗೆ ರೋಗ ಹರಡುತ್ತದೆ. ಬರದ ದಿನಗಳಿಗೆ ಸಂಬಳವಿಲ್ಲ. ಉಳಿದವರಿಗೆ ಕೈ ತೊಳೆಯುವ ತರಬೇತಿ. ತಿಂಡಿ ಯೋಜನೆ ಯಥಾಪ್ರಕಾರ ನಡೆಯತಕ್ಕದ್ದು.

ಆಸ್ಪತ್ರೆಯಿಂದ ಬಂದ ನಾದಿನಿ ಚಾಪೆಯ ಮೇಲೆ ಬಿದ್ದುಕೊಂಡಿದ್ದಳು. ಮೈಯಲ್ಲಿ ಮೂಳೆ ಚರ್ಮ ಬಿಟ್ಟು ಏನೂ ಉಳಿದಿರಲಿಲ್ಲ. ವರದಿಯ ಸುದ್ದಿ ಕೇಳಿ ಉಗುಳಿದಳು.

"ಕೈ ತೊಳ್ಕೋಬೇಕಂತೆ. ನಮ್ಮ ಹಾಜರಿ ಶೆಡ್ಡಲ್ಲಿ ನಲ್ಲಿ ಎಲ್ಲಿದೆ? ಇವರಪ್ಪ ಹಾಕಿಸಿದ್ದಾನಾ?"

ನೀಲಿ ಅವಳ ಕಾಲ ಬಳಿ ಕೂತಳು. ಮಗು ಮಲಗಿತ್ತು.

"ಅಕ್ಕ, ಒಂದು ಮಾತು. ಹೊಡೀಬೇಕು ಅನ್ಸಿದ್ರೆ ಹೊಡಿ."

ಎಲ್ಲವನ್ನೂ ಹೇಳಿದಳು. ಹತ್ತು ಮೂಟೆ, ಫೋಟೋ, ಸಹಿ, ನೆಲದ ಮೇಲಿನ ನೀಲಿ ಗೆರೆ, ಅದನ್ನು ತಿಕ್ಕಿ ತೊಳೆದದ್ದು. ನಾದಿನಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಮೂಟೆ ಹೋದದ್ದು ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಸುಡೋಕೆ ಅಲ್ಲ ಅಂತಾನೂ ಗೊತ್ತಿತ್ತು."

"ಹೂಂ."

"ಮತ್ತೆ ಯಾಕೆ ಬಾಯಿ ಹೊಲ್ಕೊಂಡಿದ್ದೆ?"

ನೀಲಿ ಮಗುವಿನ ಹೊದಿಕೆ ಸರಿಮಾಡಿದಳು.

"ತಿನ್ನೋರು ಬೇರೆ ಯಾರೋ ಅಂತ ಅಂದ್ಕೊಂಡೆ ಅಕ್ಕ."

ನಾದಿನಿ ಹೊಡೆಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಸಂಜೆಯವರೆಗೆ ನಾತ ಎಂದು ಬೈಯಲೂ ಇಲ್ಲ. ಅದು ನೀಲಿಗೆ ಹೊಡೆತಕ್ಕಿಂತ ಹೆಚ್ಚಾಯಿತು. ದೀಪ ಹಚ್ಚುವ ಹೊತ್ತಿಗೆ ಗೋಡೆಯ ಕಡೆಯಿಂದಲೇ ದನಿ ಬಂತು.

"ನಂಗೆ ಹೇಳಿದ್ರೆ ಏನು ಬಂತು? ನಾನೊಬ್ಬಳೇ ಕುಡಿದದ್ದಾ? ಕುಡಿದವರೆಲ್ಲರಿಗೂ ಹೇಳು."

"ಜೈಲಿಗೆ ಹಾಕ್ತಾರೆ ಅಕ್ಕ."

"ಹಾಕ್ಲಿ. ಮಗು ನಾನು ನೋಡ್ಕೋತೀನಿ. ಅಲ್ಲಾದ್ರೂ ಗ್ಲೌಸು ಕೊಡ್ತಾರೇನೋ."

ತರಬೇತಿಯ ದಿನ ಹಾಜರಿ ಶೆಡ್ಡಿನ ಮುಂದೆ ಶಾಮಿಯಾನ ಹಾಕಿದ್ದರು. ಆರೋಗ್ಯಾಧಿಕಾರಿಗಳು ಬಿಳಿ ಶರ್ಟಿನಲ್ಲಿ ಕುರ್ಚಿಯ ಮೇಲೆ, ಪಕ್ಕದಲ್ಲಿ ಕರ್ಚೀಫು. ಆ ಕಡೆ ಮೇಜಿನ ಮೇಲೆ ತಿಂಡಿಯ ದೊಡ್ಡ ಹಾಲಿನ ಕ್ಯಾನು. ತರಬೇತಿ ಮುಗಿದ ಮೇಲೆ ಹಂಚುವುದಕ್ಕೆ. ನಾದಿನಿ ಬರಬಾರದವರ ಪಟ್ಟಿಯಲ್ಲಿದ್ದರೂ ನೀಲಿಯ ಹೆಗಲು ಹಿಡಿದು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಮಾತು ಕೇಳಿ ಕಾಯಿಲೆಯವರಲ್ಲಿ ಇನ್ನೂ ಹತ್ತು ಹನ್ನೆರಡು ಜನ ಬಂದಿದ್ದರು.

ನಲ್ಲಿ ಇಲ್ಲದ್ದರಿಂದ ತರಬೇತಿ ಗಾಳಿಯಲ್ಲಿ ನಡೆಯಿತು. "ಅಂಗೈ ಉಜ್ಜಿ. ಈಗ ಬೆರಳ ಸಂದಿ. ಈಗ ಹೆಬ್ಬೆರಳು," ಎಂದು ಆರೋಗ್ಯಾಧಿಕಾರಿ ಸಾಹೇಬರು ಹೇಳಿದಂತೆ ಎಲ್ಲರೂ ಇಲ್ಲದ ನೀರಿನಲ್ಲಿ, ಇಲ್ಲದ ಸೋಪಿನಿಂದ ಕೈ ಉಜ್ಜಿದರು. ಹಿಂದಿನಿಂದ ಯಾರೋ, "ಒರೆಸ್ಕೊಳ್ಳೋಕೆ ಟವೆಲ್ಲು ಇಲ್ಲೇ ಎಲ್ಲೋ ಗಾಳೀಲಿರಬೇಕು ನೋಡಿ," ಎಂದು ಪಿಸುಗುಟ್ಟಿದ. ಸಾಹೇಬರು ಗದರಿದರು.

"ನಗ್ತೀರಾ? ನಿಮ್ಮ ಕೊಳಕು ಕೈಯಿಂದಾನೇ ಒಬ್ಬ ಸತ್ತದ್ದು. ಯಾರಾದ್ರೂ ಒಬ್ರು ಬನ್ನಿ ಮುಂದೆ. ಸರಿಯಾಗಿ ತೋರಿಸ್ತೀನಿ. ಬಾಟ್ಲಿ ನೀರು ತಾರಪ್ಪ."

ನೀಲಿ ಎದ್ದಳು. ಕರ್ಚೀಫು ಅವಳನ್ನು ಕಂಡು ಕುರ್ಚಿಯ ಅಂಚಿಗೆ ಬಂದ.

"ಇವಳು ಇಲ್ಲಿಯವಳಲ್ಲ ಸಾರ್..."

"ನಗರಸಭೆಯವಳೇ ಸಾರ್," ಎಂದು ನೀಲಿ ಎರಡೂ ಕೈ ಮುಂದೆ ಚಾಚಿದಳು. "ತೊಳೀರಿ."

ಸಾಹೇಬರು ಬಾಟ್ಲಿಯ ನೀರು ಹೊಯ್ದರು. ಸೋಪು ಕೊಟ್ಟರು. ಅವಳು ಅಂಗೈ ಉಜ್ಜಿದಳು, ಬೆರಳ ಸಂದಿ ಉಜ್ಜಿದಳು. ಬಿಳಿ ಬೋಗುಣಿಯೊಳಗೆ ಕಡು ನೀಲಿ ನೀರು ಇಳಿಯಿತು. ಎಲ್ಲರೂ ಕತ್ತು ಉದ್ದ ಮಾಡಿ ನೋಡಿದರು.

"ಏನಮ್ಮ ಇದು?"

"ಕೆಟ್ಟ ಮಾಲಿಗೆ ಹಾಕೋ ಬಣ್ಣ ಸಾರ್. ಕೊಳೆಮನೇಲಿ ನಾನೇ ಹಾಕೋದು. ಎಷ್ಟು ತೊಳೆದ್ರೂ ನನ್ನ ಕೈಯಿಂದ ಹೋಗಲ್ಲ. ಆದ್ರೆ ಅದೇ ನೀಲಿ ಇವರ ಉಚ್ಚೇಲಿ ಹೇಗೆ ಬಂತು ಅಂತ ಸ್ವಲ್ಪ ಹೇಳಿ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗಂಡಸರ ಕಡೆಯಿಂದ ಒಂದು ನಗು ಹೊರಟು ಅರ್ಧಕ್ಕೆ ನಿಂತಿತು.

"ನಂಗೂ ಬಂದಿತ್ತು," ಎಂದ ಚರಂಡಿ ಕೆಲಸದವನೊಬ್ಬ.

"ನಂಗೂ. ಬಿಸಿಲಿಗೆ ಅಂದ್ಕೊಂಡಿದ್ದೆ."

"ನನ್ನ ಮಗೀಗೂ ಬಂದಿತ್ತು!" ಎಂದು ಹೆಂಗಸೊಬ್ಬಳು ಎದ್ದೇ ನಿಂತಳು. ಹಾಲನ್ನು ಮನೆಗೆ ಒಯ್ದವಳು ನಾದಿನಿ ಒಬ್ಬಳೇ ಅಲ್ಲ.

ನೀಲಿ ತಿರುಗಿ ನಿಂತು ಅವರಿಗೇ ಹೇಳಿದಳು. ನೂರ ಇಪ್ಪತ್ತು ಮೂಟೆ. ಹತ್ತಕ್ಕೆ ಬಣ್ಣ. ಉಳಿದದ್ದು ನಿಮ್ಮ ಲೋಟಕ್ಕೆ. ಬೂಷ್ಟು ಹಿಡಿದದ್ದು, ಇಲಿ ಸತ್ತದ್ದು. ಎಲ್ಲ ನಾಶ ಆಯ್ತು ಅಂತ ರಿಜಿಸ್ಟರಲ್ಲಿ ಬರೆದದ್ದು ಇವರು. ಸಹಿ ಹಾಕಿದವಳು ನಾನು.

"ಸುಳ್ಳು!" ಕರ್ಚೀಫು ಎದ್ದು ಕೂಗಿದ. "ಕಳ್ಳಿ ಇವಳು. ಇವಳೇ ಮಾರ್ಕೊಂಡಿದ್ದಾಳೆ!"

ನಾದಿನಿ ಆ ಹೊತ್ತಿಗೆ ಹಾಲಿನ ಕ್ಯಾನಿನ ಬಳಿ ತಲುಪಿದ್ದಳು. ನಿಲ್ಲಲು ತ್ರಾಣವಿಲ್ಲದೆ ಮೇಜನ್ನು ಹಿಡಿದುಕೊಂಡು ಸೌಟನ್ನು ತಳದವರೆಗೆ ಇಳಿಸಿ ಮೇಲಕ್ಕೆತ್ತಿದಳು. ಸೌಟಿನಲ್ಲಿ ಹಳದಿ ಗಸಿ. ಗಸಿಯ ನಡುವೆ ನೀಲಿ ಎಳೆಗಳು. ಅದನ್ನು ಸಾಹೇಬರ ಮುಖದ ಹತ್ತಿರ ಒಯ್ದಳು. ವರದಿ ಬಂದ ಮೇಲೆ ಡೈರಿ ಹಾಲು ನಿಂತು ಹಳೆಯ ಹಾಲೇ ಬಂದಿತ್ತು. ಅಷ್ಟು ಧೈರ್ಯ ಅವರಿಗೆ.

"ಕ್ಯಾನಿನ ಬಣ್ಣ ಬಿಟ್ಟಿದೆ," ಎಂದರು ಸಾಹೇಬರು. ಹಿಂದೆಯೇ, "ಆ ಕ್ಯಾನು ಗಾಡಿಗೆ ಹಾಕಿ. ಚೆಲ್ಲಿಸಿ," ಎಂದು ಜವಾನನಿಗೆ ಹೇಳಿದರು.

ಗಾಡಿ ತಾತನ ಮಗ ಅಡ್ಡ ನಿಂತ. ಅವನೂ ಗುಡಿಸುವವನೇ. ಪೊರಕೆಯನ್ನು ನೆಲಕ್ಕೆ ಊರಿ ನಿಂತ. ಅವನ ಪಕ್ಕ ಇನ್ನೊಬ್ಬಳು ನಿಂತಳು. ಆಮೇಲೆ ಎಣಿಸಲು ಆಗಲಿಲ್ಲ.

"ಚೆಲ್ಲೋಕೆ ಬಿಡಬೇಡಿ," ಎಂದಳು ನೀಲಿ. "ಮಾಲು ಹಿಡಿದ್ರೆ ಸೀಲು ಮಾಡಬೇಕು. ನಂಗೆ ಗೊತ್ತು."

ನಾಲ್ಕು ವರ್ಷ ದಿನವೂ ನೋಡಿದ ಕೆಲಸ. ಕ್ಯಾನಿನ ಮುಚ್ಚಳ ಹಾಕಿದಳು. ಶಾಮಿಯಾನದ ಅಂಚಿನಿಂದ ತುಂಡು ಬಟ್ಟೆ ಹರಿದು ಬಾಯಿಗೆ ಸುತ್ತಿದಳು. ಹಗ್ಗವನ್ನು ಎರಡು ಸುತ್ತು ಎಳೆದು ಗಂಟು ಹಾಕಿದಳು. ಯಾರೋ ಎದುರಿನ ಅಂಗಡಿಯಿಂದ ಮೇಣದ ಬತ್ತಿ ತಂದರು. ಗಂಟಿನ ಮೇಲೆ ಮೇಣ ತೊಟ್ಟಿಕ್ಕಿಸಿದಳು. ತರಬೇತಿಯ ಕಾಗದದ ಬೆನ್ನಲ್ಲಿ ದುಂಡಗೆ ಬರೆದಳು: ಹಾಲು, ಒಂದು ಕ್ಯಾನು. ಎಲ್ಲಿ ಸಿಕ್ಕಿತು, ಯಾವ ದಿನ. ಹಿಡಿದವರು, ಬೀದಿ ಗುಡಿಸುವವರು.

"ಸಾಕ್ಷಿ ಸಹಿ ಹಾಕಿ ಸಾರ್," ಎಂದು ಕರ್ಚೀಫಿನ ಮುಂದೆ ಹಿಡಿದಳು.

ಅವನು ಕಾಗದ ಕಸಿಯಲು ಕೈ ಹಾಕಿದ. ಎರಡು ಕೈ ಅವನ ರಟ್ಟೆ ಹಿಡಿದವು. ಬಿಟ್ಟವು. ಅವನು ಸಾಹೇಬರ ಜೀಪು ಹತ್ತಿದ.

ಕಾಗದಕ್ಕೆ ಗುಡಿಸುವವರೇ ಸಾಕ್ಷಿ ಹಾಕಿದರು. ಬರೆಯಲು ಬಂದವರು ಬರೆದರು. ಉಳಿದವರು ಬೋಗುಣಿಯ ನೀಲಿ ನೀರಿನಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಿದರು.

ಕ್ಯಾನನ್ನು ಕಸದ ಗಾಡಿಯ ಮೇಲೆ ಹೇರಿಕೊಂಡು ನಗರಸಭೆಯ ಪ್ರಯೋಗಾಲಯಕ್ಕೆ ಹೋದರು. ಮಾದರಿ ಕೊಡುವ ಹಕ್ಕು ಇನ್ಸ್‌ಪೆಕ್ಟರರಿಗೆ ಮಾತ್ರ ಎಂದು ಕಿಟಕಿ ಮುಚ್ಚಿದರು. ಪೊಲೀಸರ ಬಳಿ ಹೋದರು. ಹಾಲು ನಮ್ಮ ವಿಷಯವಲ್ಲ ಎಂದರು. ಅಲ್ಲಿಂದ ತಿರುಗಿ ನಗರಸಭೆಯ ಮೆಟ್ಟಿಲ ಮುಂದೆ ಕ್ಯಾನು ಇಳಿಸಿ ಸುತ್ತ ಕೂತರು. ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸುತ್ತೇವೆಂದು ರಶೀದಿ ಬರೆದುಕೊಡುವವರೆಗೆ ಪೊರಕೆ ಮುಟ್ಟುವುದಿಲ್ಲ ಎಂದರು. ಸಂಜೆಯೊಳಗೆ ನೀಲಿಯನ್ನು ಕೆಲಸದಿಂದ ತೆಗೆದ ಕಾಗದ ಬಂತು. ವಶಪಡಿಸಿಕೊಂಡ ಮಾಲನ್ನು ಕದ್ದು ಮಾರಿದಳೆಂದು ಅವಳ ಮೇಲೆ ದೂರೂ ದಾಖಲಾಯಿತು. ರಿಜಿಸ್ಟರಿನ ಆ ಹಾಳೆಯನ್ನೇ ದೂರಿಗೆ ಲಗತ್ತಿಸಿದ್ದರು.

ನಾಲ್ಕನೆಯ ದಿನದ ಹೊತ್ತಿಗೆ ಊರು ಕೊಳೆಮನೆಯಾಗಿತ್ತು. ಹೋಟೆಲುಗಳ ಹಿಂದೆ ಎಂಜಲು ಉಕ್ಕಿ ರಸ್ತೆಗೆ ಹರಿಯುತ್ತಿತ್ತು. ಮಾರ್ಕೆಟ್ಟಿನ ಬಾಗಿಲಲ್ಲಿ ಮಾಂಸದಂಗಡಿಯ ಕರುಳುಗಳು ಬಿಸಿಲಿಗೆ ಕುದಿಯುತ್ತಿದ್ದವು. ನಗರಸಭೆಯ ಹಿತ್ತಿಲಲ್ಲಿ ಅವರದೇ ಕ್ಯಾಂಟೀನಿನ ಕಸ ಕಿಟಕಿಯೆತ್ತರಕ್ಕೆ ಬೆಳೆದಿತ್ತು. ನೊಣಗಳು ಕಡತಗಳ ಮೇಲೆ ಕೂತು ಕಾಲು ಉಜ್ಜಿಕೊಳ್ಳುತ್ತಿದ್ದವು.

ನಡು ಮಧ್ಯಾಹ್ನ ಆರೋಗ್ಯಾಧಿಕಾರಿಗಳು ಮೆಟ್ಟಿಲಿಳಿದು ಬಂದರು. ಅವರ ಬೆನ್ನಿಗೆ 'ಹಾಲು ನಮ್ಮ ವಿಷಯವಲ್ಲ' ಎಂದಿದ್ದ ಅದೇ ಪೊಲೀಸರು ಇಬ್ಬರು.

"ಊರು ನಾರ್ತಿದೆ. ಆ ಕ್ಯಾನು ಕೊಟ್ಟು ಕೆಲಸಕ್ಕೆ ಹೋಗಿ. ತನಿಖೆ ಮಾಡಿಸ್ತೀನಿ."

"ರಶೀದಿ ಕೊಡಿ ಸಾರ್," ಎಂದಳು ನೀಲಿ.

"ನೀನು ಯಾರು ಕೇಳೋಕೆ? ನೀನು ಈಗ ನಗರಸಭೆಯವಳೂ ಅಲ್ಲ. ನಿನ್ನ ಮೇಲೆ ಕೇಸಿದೆ. ಇವರು ನಿನ್ನನ್ನೇ ಕರ್ಕೊಂಡು ಹೋಗೋಕೆ ಬಂದಿರೋದು."

"ಬರ್ತೀನಿ ಸಾರ್. ಸಹಿ ಹಾಕಿದ್ದು ನಿಜ, ಕೇಸು ನಡೀಲಿ. ಠಾಣೆಗೂ ಬರ್ತೀನಿ, ಕೋರ್ಟಿಗೂ ಬರ್ತೀನಿ." ಅವಳು ಎದ್ದು ಸೀರೆ ಕೊಡವಿಕೊಂಡಳು. "ಒಬ್ಬಳೇ ಬರಲ್ಲ. ಈ ಕ್ಯಾನೂ ನನ್ನ ಜೊತೆ ಬರ್ತದೆ. ಇದನ್ನ ಹೊರೋಕೆ ಇವರೆಲ್ಲ ಬರ್ತಾರೆ. ಹತ್ತಿಸ್ಕೊಳ್ಳಿ ಜೀಪಿಗೆ."

ನಾದಿನಿ ಮಗುವನ್ನು ಕಂಕುಳಿಗೆ ಏರಿಸಿಕೊಂಡು ಎದ್ದಳು. ಉಳಿದವರೂ ಎದ್ದರು. ಪೊಲೀಸರು ಸಾಹೇಬರ ಮುಖ ನೋಡಿದರು. ಸಾಹೇಬರು ಕ್ಯಾನಿನ ಮುಖ ನೋಡಿದರು.

ಬಿಸಿಲಿಗೆ ಒಳಗಿನ ಹಾಲು ಹುಳಿತು ಉಬ್ಬಿ ಕ್ಯಾನಿನ ಮುಚ್ಚಳ ಟಕ್ಕೆಂದಿತು. ಮೇಣದ ಬಿರುಕಿನಿಂದ ಒಂದು ನಾತ ಹೊರಬಂತು. ಸಾಹೇಬರು ಬಾಯಿಗೆ ಕೈ ಅಡ್ಡ ಹಿಡಿದು ನಾಲ್ಕು ಹೆಜ್ಜೆ ಹಿಂದೆ ಸರಿದರು. ಕ್ಯಾನಿನ ಸುತ್ತ ನಿಂತವರಲ್ಲಿ ಒಬ್ಬರೂ ಮೂಗು ಮುಚ್ಚಿಕೊಳ್ಳಲಿಲ್ಲ.